ಸುಧಾ ತುಂಬಿದ ಉಡಿ

ಆಗಿನ ಶ್ರಾವಣವೆಂದರೆ ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದು, ಒಗೆದ ಅರಿವೆ ಎಷ್ಟು ಹರವಿದರೂ ಒಣಗದ ತಿಂಗಳು. ಮಾಳಮಡ್ಡಿಯ ನಮ್ಮ ಹೆಂಚಿನ ಮನೆಯ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿರುತ್ತಿದ್ದರು. ಅದರ ಮೇಲೆ ಅಪ್ಪನ ಧೋತರ, ಅವ್ವನ ಸೀರೆ. ನಾವು ಅವುಗಳ ಕೆಳಗೆ ತಲೆ ಬಗ್ಗಿಸಿ ಓಡಾಡುತ್ತಿದ್ದೆವು. ಪಂಚಮಿಗೆ ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯನ್ನು ಹಬ್ಬ ಮುಗಿದ ಮೇಲೂ ಯಾರೂ ಬಿಚ್ಚುತ್ತಿರಲಿಲ್ಲ. ಡಬ್ಬಿಯ ತಳದಲ್ಲಿ ಶೇಂಗಾ ಉಂಡಿಯ ಪುಡಿ ಉಳಿದಿರುತ್ತಿತ್ತು, ಅದಕ್ಕಾಗಿ ಜಗಳವಿರುತ್ತಿತ್ತು. ಒದ್ದೆ ಬಟ್ಟೆಯ ವಾಸನೆ, ಕುದಿಯುವ ಬೆಲ್ಲದ ವಾಸನೆ, ಎರಡೂ ಕೂಡಿದರೆ ನನಗೆ ಇಂದಿಗೂ ಶ್ರಾವಣ. ಅದು ಗೊತ್ತಿರುವವರು ಇದನ್ನು ಓದುವವರಲ್ಲಿ ಇನ್ನೂ ಇದ್ದಾರೆಂದು ನಂಬಿದ್ದೇನೆ.

ಆ ತಿಂಗಳ ಪ್ರತಿ ಶುಕ್ರವಾರ ನಮ್ಮ ಮನೆಯಲ್ಲಿ ಓಣಿಯ ಹೆಣ್ಣುಮಕ್ಕಳನ್ನು ಕರೆದು ಉಡಿ ತುಂಬುತ್ತಿದ್ದರು. ಬಂದವರು ಗೋಡೆಗುಂಟ ಸಾಲಾಗಿ ನಿಲ್ಲುವುದು, ಸೆರಗನ್ನು ಮುಂದಕ್ಕೆ ತಂದು ಎರಡೂ ಕೈಯಿಂದ ಒಡ್ಡುವುದು. ಅದರಲ್ಲಿ ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಮೇಲೆ ಕುಪ್ಪಸದ ಖಣ ಹಾಕುವುದು. ತುಂಬಿಸಿಕೊಂಡವರು ತಮ್ಮ ಉಡಿಯಿಂದ ನಾಲ್ಕು ಕಾಳು ತೆಗೆದು ತಟ್ಟೆಗೆ ತಿರುಗಿ ಹಾಕುತ್ತಿದ್ದರು, ಕೊಟ್ಟವರ ಮನೆ ಬರಿದಾಗಬಾರದೆಂದು.

ಈ ಸಂಗತಿ ನಡೆದ ವರ್ಷ ನಾನು ಐದನೆಯ ಇಯತ್ತೆಯಲ್ಲಿದ್ದೆ, ತಂಗಿ ಸುಧಾ ಎರಡನೆಯದರಲ್ಲಿ. ಶ್ರಾವಣ ಹತ್ತುವ ಮುಂಚೆ ಅವ್ವ ಎಣ್ಣೆಯಲ್ಲಿ ಬಲಗೈ ಸುಟ್ಟುಕೊಂಡಳು. ಮಣಿಕಟ್ಟಿನವರೆಗೆ ಬ್ಯಾಂಡೇಜು. ಉಡಿ ತುಂಬುವವರು ಯಾರು ಎಂಬ ಪ್ರಶ್ನೆ ಬಂತು. ಮನೆಯಲ್ಲಿದ್ದ ಇನ್ನೊಬ್ಬ ಹೆಂಗಸೆಂದರೆ ಅಪ್ಪನ ಅವ್ವ. ಆಕೆಯನ್ನು ನಾವು ಆಯಿ ಎನ್ನುತ್ತಿದ್ದೆವು. ನಾವು ಹುಟ್ಟುವ ಮೊದಲೇ ಅಜ್ಜ ತೀರಿಕೊಂಡಿದ್ದ. ಅಕ್ಕಿ ಆರಿಸುವುದು, ಖಣ ಮಡಚುವುದು, ಯಾರನ್ನು ಕರೆಯಬೇಕೆಂದು ಹೇಳುವುದು ಎಲ್ಲ ಆಯಿಯದೇ. ಆದರೆ ಹೆಂಗಸರು ಬಂದ ಮೇಲೆ ಆಕೆ ಗೋಡೆಯ ಮಗ್ಗುಲಿನ ಮಣೆಯ ಮೇಲೆ ಕೂತುಬಿಡುತ್ತಿದ್ದಳು. ಉಡಿಯ ತಟ್ಟೆ ಮುಟ್ಟುತ್ತಿರಲಿಲ್ಲ. ಯಾಕೆಂದು ನಾವು ಕೇಳಿರಲಿಲ್ಲ. ಮನೆಯಲ್ಲಿ ಕಂಬ ಇರುವ ಜಾಗದಲ್ಲಿ ಯಾಕಿದೆ ಎಂದು ಯಾರು ಕೇಳುತ್ತಾರೆ?

"ಸೊಸಿ ಕೈ ಸುಟಗೊಂಡಾಳಂತ ಶುಕ್ರವಾರ ನಿಲ್ಲತೈತೇನು?" ಎಂದಳು ಆಯಿ. "ಹುಡುಗ್ಯಾರ ಕೈಲೆ ತುಂಬಸೋಣು. ಕೊಡೋದು ಈಗಿಂದನ ಕೈಗೆ ರೂಢಿ ಆಗ್ಲಿ."

ಮೊದಲು ನನ್ನನ್ನೇ ನಿಲ್ಲಿಸಿದಳು. ನನ್ನ ಬೊಗಸೆಯಿಂದ ಅಕ್ಕಿ ಅರ್ಧಕ್ಕರ್ಧ ನೆಲಕ್ಕೆ ಹೋಯಿತು. "ನೀ ತಾಟು ಹಿಡಿಯವಾ, ಅದ ಛಲೋ," ಎಂದು ಸುಧಾಳನ್ನು ಕರೆದಳು. ಹೀಗಾಗಿ ಆ ಶ್ರಾವಣವಿಡೀ ನಾನು ಹಿತ್ತಾಳೆಯ ತಾಟು ಹಿಡಿದು ತಂಗಿಯ ಮಗ್ಗುಲಲ್ಲಿ ನಿಂತಿದ್ದೆ. ಮುಂದೆ ನಡೆದದ್ದನ್ನು ಅಷ್ಟು ಹತ್ತಿರದಿಂದ ನೋಡಿದವಳು ನಾನೊಬ್ಬಳೇ. ನೋಡಿದ್ದನ್ನಷ್ಟೇ ಬರೆಯುತ್ತೇನೆ.

ಆಯಿಯ ಪಾಠ ನಡೆದದ್ದು ಪಡಸಾಲೆಯ ಚಾಪೆಯ ಮೇಲೆ, ಹುಣಸೆಬೀಜ ಇಟ್ಟುಕೊಂಡು. ನಾನು ಟವೆಲ್ಲನ್ನು ಸೆರಗಿನಂತೆ ಒಡ್ಡಿ ನಿಲ್ಲಬೇಕು, ಸುಧಾ ತುಂಬಬೇಕು.

"ಎರಡೂ ಕೈ ಕೂಡಸು. ಒಂದ ಕೈಲೆ ಹಾಕೋದು ಕೊಡೋದಲ್ಲ, ಚೆಲ್ಲೋದು," ಎನ್ನುತ್ತಿದ್ದಳು ಆಯಿ. "ಬಗ್ಗಿ ಹಾಕು. ಮ್ಯಾಲಿಂದ ಹಾಕಬ್ಯಾಡ. ಬಂದಾಕಿ ಯಾರು, ಏನುಟ್ಟಾಳ, ಮಾರಿ ಹೆಂಗೈತಿ ಅಂತ ನೋಡಬಾರದು. ಸೆರಗ ನೋಡಬೇಕು. ನಮ್ಮ ಹೊಸ್ತಲಾ ದಾಟಿ ಬಂದ ಹೆಣ್ಣಮಗಳು ಬರೇ ಉಡೀಲೆ ಹೋಗಬಾರದು. ತಿಳೀತಿಲ್ಲೋ?"

"ಬಾಜೂಮನಿ ಎಮ್ಮಿ ಬಂದ್ರ?" ಎಂದಳು ಸುಧಾ.

"ಎಮ್ಮಿಗೆ ಸೆರಗ ಇರ್ತೈತೇನು?"

"ಇಲ್ಲ."

"ಹಂಗಾದ್ರ ಸುಮ್ನ ಬಾಯಿ ಮುಚಗೊಂಡು ತುಂಬು."

ಸುಧಾ ಕಲಿಯುತ್ತಿದ್ದ ರೀತಿ ಹಾಗೆ. ಯಾವುದಾದರೂ ಮಾತನ್ನು ಮೊದಲು ನಾಲ್ಕೂ ಕಡೆಯಿಂದ ತಟ್ಟಿ ನೋಡುವುದು, ಗಟ್ಟಿ ಇದೆ ಎಂದಾದರೆ ಹಿಡಿದುಬಿಡುವುದು. ಆಮೇಲೆ ಬಿಡಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಆ ವಾರವೆಲ್ಲ ಆಕೆ ಕಂಡಕಂಡವರಿಗೆ ಹುಣಸೆಬೀಜದ ಉಡಿ ತುಂಬಿದಳು. ಎದುರುಮನೆಯ ಪಮ್ಯಾ ಅಂಗಿಯ ತುದಿ ಒಡ್ಡಿ, "ನನಗೂ ಹಾಕಲೇ, ನಾ ಚೌಕಾಬಾರಾ ಆಡಾಕ ಒಯ್ತೇನಿ," ಎಂದು ಬಂದ. ಅವನಿಗೂ ಹಾಕಿದಳು. ಮೊದಲ ಶುಕ್ರವಾರ ಒಂದು ಕಾಳೂ ನೆಲಕ್ಕೆ ಬೀಳಲಿಲ್ಲ. ಹೆಂಗಸರು ಆಕೆಯ ಗಲ್ಲ ಹಿಂಡಿ ಹೋದರು.

ಈಗ ಗಿರಿಜಕ್ಕನ ವಿಷಯ ಹೇಳಬೇಕು. ನಮ್ಮ ಹಿತ್ತಲಿಗೆ ಹತ್ತಿದ ಬಾಡಿಗೆ ಖೋಲಿಯಲ್ಲಿ ಗಿರಿಜಕ್ಕ ಇದ್ದಳು. ಹೊಲಿಗೆ ಮಷೀನಿನ ಮೇಲೆ ಕುಪ್ಪಸ ಹೊಲಿಯುತ್ತಿದ್ದಳು. ಹಿಂದಿನ ವರ್ಷದ ಚಳಿಗಾಲದಲ್ಲಿ ಆಕೆಯ ಗಂಡ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಅಲ್ಲಿಯವರೆಗೆ ಶ್ರಾವಣ ಬಂತೆಂದರೆ ಆಕೆಯ ಮಷೀನು ಊಟದ ಹೊತ್ತಿಗೂ ನಿಲ್ಲುತ್ತಿರಲಿಲ್ಲ, ಏಕೆಂದರೆ ಓಣಿಯ ಹೆಂಗಸರು ಉಡಿಯಲ್ಲಿ ಬಂದ ಖಣವನ್ನೆಲ್ಲ ಆಕೆಯ ಹತ್ತಿರವೇ ಒಯ್ಯುತ್ತಿದ್ದರು. ಆ ವರ್ಷ ಯಾರೂ ಒಯ್ಯಲಿಲ್ಲ. ಹಳೆ ಸೀರೆಗೆ ಫಾಲ್ ಹಚ್ಚುವುದು, ಹುಡುಗರ ಚಡ್ಡಿ ಹೊಲಿಯುವುದು, ಅಂಥ ಕೆಲಸ ಕೊಡುತ್ತಿದ್ದರು. ಹಬ್ಬದ ಖಣ ಆಕೆಯ ಕೈಗೆ ಬೇಡವಾಗಿತ್ತು. ಅದನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. "ಇನ್ನೂ ಟೈಮ್ ಐತಿ ಬಿಡ ಗಿರಿಜಾ," ಎನ್ನುತ್ತಿದ್ದರು.

ಪಂಚಮಿಗೆ ಆಕೆಯ ಅಣ್ಣ ನವಲಗುಂದದ ಕಡೆಯ ಹಳ್ಳಿಯಿಂದ ಕರೆಯಲು ಬಂದಿದ್ದ. ಮಷೀನು ಮಾರಿಬಿಡು, ಬಂದು ನಮ್ಮಲ್ಲಿರು ಎಂದ. ಶ್ರಾವಣ ಮುಗಿಯಲಿ, ಆಗ ಹೇಳುತ್ತೇನೆ ಎಂದು ಆಕೆ ಕಳಿಸಿದ್ದಳು. ಹಿತ್ತಲಲ್ಲಿ ಅವ್ವನ ಮುಂದೆ ಆಕೆ ಹೇಳಿದ್ದನ್ನು ನಾನು ಜೋಕಾಲಿಯ ಮೇಲೆ ಕೂತು ಕೇಳಿದೆ.

"ವೈನೀ, ತವರಮನಿಗೆ ಹಬ್ಬಕ್ಕ ಹೋಗೋದು ಬ್ಯಾರೆ, ಉಳಿಯಾಕ ಹೋಗೋದು ಬ್ಯಾರೆ. ಅಣ್ಣ ಛಲೋ ಅದಾನ. ಆದ್ರ ನಾಳಿಂದ ಒಂದು ಚಾ ಕುಡೀಬೇಕಂದ್ರೂ ಯಾರದರೆ ಮಾರಿ ನೋಡಬೇಕ್ರಿ. ಇಲ್ಲೆ ನಂದೊಂದು ಮಷೀನ್ ಐತಿ."

"ಕೆಲಸ ಬರ್ತಾವ ತಗೊ," ಎಂದಳು ಅವ್ವ. ಅವ್ವನ ದನಿಯಲ್ಲಿ ನಂಬಿಕೆ ಇರಲಿಲ್ಲ. ಅದು ನನಗೂ ತಿಳಿಯಿತು.

ಎರಡನೆಯ ಶುಕ್ರವಾರ ಗಿರಿಜಕ್ಕ ಬೆಳಿಗ್ಗೆಯೇ ಬಂದಳು. ಅವ್ವನ ಕೈ ಇನ್ನೂ ಮಾಗಿರಲಿಲ್ಲ. ಹೂರಣ ರುಬ್ಬಿದವಳು, ಹೋಳಿಗೆ ಲಟ್ಟಿಸಿದವಳು, ಕಟ್ಟಿನ ಸಾರಿಗೆ ಒಗ್ಗರಣೆ ಹಾಕಿದವಳು ಎಲ್ಲ ಗಿರಿಜಕ್ಕನೇ. ಸಂಜೆ ಹೆಂಗಸರು ಬರತೊಡಗಿದಾಗ ಆಕೆ ಅಡುಗೆಮನೆಯಲ್ಲೇ ಉಳಿದಳು. ಪಡಸಾಲೆಯಲ್ಲಿ ಹಗ್ಗದ ಬಟ್ಟೆಗಳನ್ನೆಲ್ಲ ತೆಗೆದು ಜಮಖಾನೆ ಹಾಸಿದ್ದರು. ಹೊಸ ಖಣಗಳ ಗಂಜಿಯ ವಾಸನೆ, ಮಲ್ಲಿಗೆಯ ವಾಸನೆ. ಎಲ್ಲರಿಗಿಂತ ಮೊದಲು ನಿಂತವರು ಓಣಿಯ ತುದಿಯ ವಕೀಲರ ಮನೆಯ ಹೆಂಗಸು, ವಕೀಲ ಕಾಕು. ಅವರು ನಿಂತ ಮೇಲೆ ಉಳಿದವರು ಅವರವರ ಜಾಗದಲ್ಲಿ ನಿಲ್ಲುತ್ತಿದ್ದರು.

ಅವ್ವ ಎಡಗೈಯಲ್ಲಿ ಕುಂಕುಮದ ಬಟ್ಟಲು ಹಿಡಿದಿದ್ದಳು. ಬಂದವರು ತಾವೇ ಹಚ್ಚಿಕೊಳ್ಳುತ್ತಿದ್ದರು. ಹಿಂದೆ ನಾನು ಮತ್ತು ಸುಧಾ. ಸಾಲು ಅಡುಗೆಮನೆಯ ಬಾಗಿಲಿನ ಹತ್ತಿರ ಮುಗಿಯುತ್ತಿತ್ತು. ಅಷ್ಟರಲ್ಲಿ ಗಿರಿಜಕ್ಕ ಕೋಸಂಬರಿಯ ಬಟ್ಟಲುಗಳನ್ನು ತಂದು ಬಾಗಿಲ ಮಗ್ಗುಲಿನ ಗೂಡಿನಲ್ಲಿ ಇಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು ತಿರುಗುವವಳಿದ್ದಳು. ಸುಧಾ ಸಾಲಿನ ಕೊನೆಯವರ ಉಡಿ ತುಂಬಿ, ಮುಂದೆ ಇನ್ನೊಂದು ಸೆರಗು ಕಂಡದ್ದರಿಂದ, ನನ್ನ ತಾಟಿನಿಂದ ಮತ್ತೆ ಬೊಗಸೆ ತುಂಬಿಕೊಂಡು ಆಕೆಯ ಮುಂದೆ ನಿಂತಳು.

"ಗಿರಿಜಕ್ಕಾ, ಸೆರಗು," ಎಂದಳು.

ಗಿರಿಜಕ್ಕ ಅಲ್ಲಾಡಲಿಲ್ಲ. ಮಾತಾಡುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು.

"ಏ ಹುಡುಗೀ, ಅಕೀಗಲ್ಲವಾ," ಎಂದರು ವಕೀಲ ಕಾಕು. ಅವರ ದನಿ ಕೆಟ್ಟದಾಗಿರಲಿಲ್ಲ. ಮಗುವಿಗೆ ಬಿಸಿ ಮುಟ್ಟಬೇಡ ಎನ್ನುವ ಹಾಗಿತ್ತು. "ಅಕೀಗೆ ನಡಿಯೂದಿಲ್ಲ."

"ಯಾಕ್ರಿ?"

ಕಾಕು ಅವ್ವನ ಕಡೆ ತಿರುಗಿದರು.

"ಬಂದಾಕಿ ಮಾರಿ ನೋಡಬಾರದು, ಸೆರಗ ನೋಡಬೇಕಂತ ಆಯಿ ಹೇಳ್ಯಾಳ್ರಿ," ಎಂದಳು ಸುಧಾ. ಉದ್ಧಟತನದಿಂದಲ್ಲ, ಸಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ.

ನಾನು ತಾಟು ಹಿಡಿದು ಗಿರಿಜಕ್ಕನ ಎದುರಿಗೇ ಇದ್ದೆ. ಆಕೆಯ ಬಲಗೈ ಹೆಗಲ ಮೇಲಿನ ಸೆರಗನ್ನು ಗಟ್ಟಿಯಾಗಿ ಹಿಡಿದಿತ್ತು. ಒಂದು ಕಾಲು ಆಗಲೇ ಹೊಸ್ತಿಲಾಚೆ ಅಡುಗೆಮನೆಯಲ್ಲಿತ್ತು. ಈಗ ತಿರುಗಿ ಹೋದರೆ ಆಕೆ ಖೋಲಿಗೆ ಹೋಗುತ್ತಾಳೆ, ಟ್ರಂಕು ಕಟ್ಟುತ್ತಾಳೆ, ಮತ್ತೆ ಈ ಮನೆಗೆ ಬರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಅಷ್ಟು ಚಿಕ್ಕವಳಿಗೆ ಅದು ಹೇಗೆ ತಿಳಿಯಿತೋ ಹೇಳಲಾರೆ. ಸುಧಾಳ ಬೆರಳುಗಳ ಸಂದಿಯಿಂದ ಅಕ್ಕಿ ಒಂದೊಂದೇ ಕಾಳು ಉದುರುತ್ತಿತ್ತು. ಅವ್ವ ಆಯಿಯ ಕಡೆ ನೋಡಿದಳು. ಎಲ್ಲರೂ ಆಯಿಯ ಕಡೆ ನೋಡಿದರು.

ಆಯಿ ಮಣೆಯ ಮೇಲೆ ಕೂತಿದ್ದಳು. ಆ ಮಾತು ತನ್ನದೇ ಎಂದು ಗುರುತು ಹಿಡಿಯಲು ಆಕೆಗೆ ಸ್ವಲ್ಪ ಹೊತ್ತು ಬೇಕಾಯಿತು. ಕಲಿಸುವಾಗ ಆಕೆ ಗಿರಿಜಕ್ಕನನ್ನು ನೆನೆದಿರಲಿಲ್ಲ. ಅದು ಆಕೆಯ ಮುಖದ ಮೇಲೇ ಇತ್ತು. ಕೊನೆಗೆ ಆಕೆ ಹೇಳಿದ್ದು ಇಷ್ಟು:

"ಗಿರಿಜಾ, ಸೆರಗ ಒಡ್ಡು. ಹುಡುಗಿ ಕೈ ಸೋಲಾಕತ್ತಾವ."

"ಬ್ಯಾಡ್ರಿ ಆಯಿ."

"ಬ್ಯಾಡ ಅನ್ನು ಅಂದ್ನೇನು? ಒಡ್ಡು ಅಂದೆ."

ಗಿರಿಜಕ್ಕ ಕಾಲನ್ನು ಹೊಸ್ತಿಲೀಚೆ ತಂದಳು. ಸೆರಗು ಒಡ್ಡಿದಳು. ಸುಧಾ ಬಗ್ಗಿ ಹಾಕಿದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಕೊಂಬು, ಖಣ. ಖಣ ಕೆಂಪು, ಅಂಚು ಹಸಿರು. ಗಿರಿಜಕ್ಕ ಕುಂಕುಮ ಹಚ್ಚಿಕೊಳ್ಳಲಿಲ್ಲ, ಹಚ್ಚಿಕೋ ಎಂದು ಯಾರೂ ಅನ್ನಲೂ ಇಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಆಮೇಲೆ ಓಣಿಯಲ್ಲಿ ಬೇರೆ ತರಹ ಹೇಳಿದರು.

"ತಿಳದಾಕಿ ನೀವ ಹಿಂಗ ಮಾಡಿದ್ರ ಹೆಂಗ್ರಿ ಆಯಿ?" ಎಂದರು ವಕೀಲ ಕಾಕು.

"ನಾ ಏನ್ ಮಾಡೇನಿ? ಮಾಡಿದಾಕಿ ಹುಡುಗಿ. ಕಲಿಸಿದ್ದನ್ನ ಮಾಡ್ಯಾಳ. ಈಗ ಇದು ತಪ್ಪಂದ್ರ ನಾ ಅಕೀಗೆ ಸುಳ್ಳು ಕಲಿಸೇನಿ ಅಂತಾಗ್ತೈತಿ. ಈ ವಯಸ್ಸಿನ್ಯಾಗ ಮೊಮ್ಮಗಳ ಮುಂದ ಸುಳ್ಳಿ ಅನಿಸ್ಕೊಳ್ಳಾಕ ನನಗಾಗೂದಿಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸುಧಾ ಮತ್ತೆ ಬೊಗಸೆ ತುಂಬಿಕೊಂಡಿದ್ದಳು. ಈ ಸಲ ಮಣೆಯ ಮುಂದೆ ಹೋಗಿ ನಿಂತಳು. ನಾನು ತಾಟು ಹಿಡಿದು ಹಿಂದೆ ಹೋದೆ.

"ನನಗ್ಯಾಕವಾ ಮುದುಕಿಗೆ," ಎಂದಳು ಆಯಿ.

"ನೀನೂ ಹೆಣ್ಣಮಗಳಲ್ಲೇನು?"

ಆಯಿ ಗೋಡೆಗೆ ಕೈ ಊರಿ ಎದ್ದು ನಿಂತಳು. ಮಾಸಲು ಬಿಳಿ ಸೀರೆಯ ಸೆರಗನ್ನು ಮುಂದಕ್ಕೆ ತಂದಳು. ಅಕ್ಕಿ ಬಿದ್ದ ಸಪ್ಪಳ ನನಗೆ ಕೇಳಿಸಿತು. ಆಮೇಲೆ ಕಾಳು ತಿರುಗಿ ಹಾಕಬೇಕಲ್ಲ, ಆಯಿ ಉಡಿಯಲ್ಲಿ ಕೈ ಹಾಕಿ ಮುಷ್ಟಿಗಟ್ಟಲೆ ತೆಗೆದು ತಾಟಿಗೆ ಹಾಕಿದಳು. ಮತ್ತೆ ಇನ್ನೊಂದು ಮುಷ್ಟಿ. ಎಷ್ಟು ಹಾಕಬೇಕೆಂಬುದೇ ಆಕೆಗೆ ಮರೆತುಹೋಗಿತ್ತು.

"ಸಾಕ ಬಿಡ್ರಿ ಅತ್ತಿ, ಎಲ್ಲಾ ಹೊಳ್ಳಿ ಕೊಟ್ರ ಹುಡುಗಿ ಸಿಟ್ಟಿಗೇಳ್ತಾಳ," ಎಂದಳು ಅವ್ವ. ಯಾರೋ ನಕ್ಕರು. ವಕೀಲ ಕಾಕು ಕೋಸಂಬರಿ ತಿನ್ನದೆ ಹೋದರು.

ಮೂರನೆಯ ಶುಕ್ರವಾರ ಬಂದವರು ಕಡಿಮೆ. ಬಂದವರೂ ಲಗೂ ಹೋದರು. ಹೋಳಿಗೆ ಉಳಿದವು. ನಾನು ಮತ್ತು ಸುಧಾ ಶನಿವಾರ, ಆದಿತ್ಯವಾರ ಹಾಲು ಹಾಕಿಕೊಂಡು ತಿಂದು ಸಂತೋಷಪಟ್ಟೆವು. ಆದರೆ ಅಪ್ಪ ಮಾತಾಡದೆ ಊಟ ಮಾಡುತ್ತಿದ್ದ. ಆಯಿ ಒಮ್ಮೆ ಅವನಿಗೆ, "ಏನರೆ ಅನ್ನೋದಿದ್ರ ಅನ್ನು," ಎಂದಳು. "ನಾ ಏನ್ ಅನ್ಲಿ ಅವ್ವ," ಎಂದ ಅಪ್ಪ. ತಾಟು ಖಾಲಿಯಾದ ಮೇಲೆ, "ಛಲೋ ಆತು," ಎಂದು ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದ. ಅವನು ಅಷ್ಟು ಹೇಳಿದ್ದೇ ಹೆಚ್ಚು.

ಕೊನೆಯ ಶುಕ್ರವಾರ ನಾನು ಗೇಟಿನ ಹತ್ತಿರ ಕುಂಟಾಬಿಲ್ಲೆ ಆಡುತ್ತಿದ್ದೆ. ಹಿಂದಿನ ಓಣಿಯ ಹಾಲಿನ ತುಂಗವ್ವ ಬಂದು ನಿಂತಳು. ಬರಿಯ ಹಣೆ. ಕೈಯಲ್ಲಿ ಹಾಲಿನ ಗಿಂಡಿ ಇರಲಿಲ್ಲ, ಹೊತ್ತೂ ಹಾಲಿನ ಹೊತ್ತಲ್ಲ.

"ಇಲ್ಲೆ ಎಲ್ಲಾರಿಗೂ ತುಂಬ್ತಾರಂತಲ್ಲ, ಖರೇ ಏನವಾ?" ಎಂದು ಕೇಳಿದಳು.

ನಾನು ಓಡಿಹೋಗಿ ಆಯಿಗೆ ಹೇಳಿದೆ. ತುಂಗವ್ವನ ಹಿಂದೆ ಇನ್ನೂ ಕೆಲವರು ಬಂದರು. ಕೆಲವರನ್ನು ನಾನು ಅದಕ್ಕೂ ಮೊದಲು ನೋಡಿಯೇ ಇರಲಿಲ್ಲ. ಖಣ ಸಾಲಲಿಲ್ಲ. ಆಯಿ ತನ್ನ ಟ್ರಂಕು ತೆರೆದು, ಯಾವಾಗಲೋ ಎತ್ತಿಟ್ಟಿದ್ದ ಖಣಗಳನ್ನು ಡಾಂಬರು ಗುಳಿಗೆಯ ವಾಸನೆಯ ಸಮೇತ ತಂದುಕೊಟ್ಟಳು. ಸುಧಾಳ ಕೈಗಳು ನಿಜವಾಗಿಯೂ ಸೋತವು. ಆದರೂ ತಾಟನ್ನು ನನಗೆ ಬಿಟ್ಟು ಬೊಗಸೆಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಆ ಸಂಜೆ ನನ್ನ ತಂಗಿಯ ಮಗ್ಗುಲಲ್ಲಿ ನಿಂತದ್ದಕ್ಕೆ ನಾನು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ, ತಾಟು ಹಿಡಿದವಳು ನಾನು ಎಂದು.

ಶ್ರಾವಣ ಮುಗಿದ ಮೇಲೆ ಗಿರಿಜಕ್ಕನ ಅಣ್ಣ ಬಂದ. ನಮ್ಮ ಪಡಸಾಲೆಯಲ್ಲಿ ಕೂತು ಉಂಡ. ಆ ಕೊನೆಯ ಶುಕ್ರವಾರ ತುಂಬಿಸಿಕೊಂಡವರು ಹೊಲಿಯಲು ಕೊಟ್ಟ ಖಣಗಳು ಗಿರಿಜಕ್ಕನ ಮಷೀನಿನ ಮೇಲೆ ಒಂದರ ಮೇಲೊಂದು ಕೂತಿದ್ದವು. ಅವನು ಖೋಲಿಯ ಬಾಗಿಲಲ್ಲಿ ನಿಂತು ಅವನ್ನು ನೋಡಿ, "ಮತ್ತ ಈಗ ಬಾ ಅಂದ್ರ ನೀ ಬರಾಕಿ ಅಲ್ಲ ಬಿಡು," ಎಂದು ಒಬ್ಬನೇ ಬಸ್ಸು ಹತ್ತಿದ.

ವಕೀಲ ಕಾಕು ದಸರೆಯ ದಿನ ಬನ್ನಿ ಕೊಡಲು ಬಂದರು, ಏನೂ ಆಗಿಲ್ಲವೆಂಬಂತೆ. ಗಿರಿಜಕ್ಕ ಅಲ್ಲೇ ಇದ್ದಳು, ಆ ಕೆಂಪು ಖಣದ ಕುಪ್ಪಸ ತೊಟ್ಟಿದ್ದಳು. ಕಾಕು ತೋಳಿನ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಕೂತದ್ದು ಛಲೋ ಐತಿ. ಯಾರು ಹೊಲದ್ರು?"

"ನಾನ ರೀ ಕಾಕು."

ಕಾಕು ಹೊಲಿಗೆಯನ್ನು ಇನ್ನೊಮ್ಮೆ ಬಗ್ಗಿ ನೋಡಿದರು. "ನಂದೊಂದು ಬಿದ್ದೈತಿ ಮನ್ಯಾಗ. ನಾಳೆ ಕಳಸ್ತೇನಿ. ತೋಳು ಬಿಗಿ ಮಾಡಬ್ಯಾಡ ಮತ್ತ, ಹ್ವಾದ ವರ್ಷ ಮಾಡಿದ್ದಿ."

ಮುಂದೆ ನನ್ನ ಮದುವೆಯ ಕುಪ್ಪಸಗಳನ್ನೆಲ್ಲ ಹೊಲಿದವಳು ಗಿರಿಜಕ್ಕನೇ. ಆಯಿಯೇ ಒಯ್ದು ಕೊಟ್ಟಳು. ಆಗ ಯಾರೂ ಏನೂ ಅನ್ನಲಿಲ್ಲ.

ಈಗ ಆಯಿ ಇಲ್ಲ, ಗಿರಿಜಕ್ಕನೂ ಇಲ್ಲ. ನಮ್ಮ ಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಇದೆ. ಹಿಂದಿನ ವರ್ಷ ನನ್ನ ಯಜಮಾನರು ಹೋದರು. ಇದನ್ನು ಬರೆಯಲು ಕೂತದ್ದು ಈ ಶ್ರಾವಣದಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ. ಹುಬ್ಬಳ್ಳಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಪರಿಚಯದವರ ಕಾರ್ಯಕ್ರಮವಿತ್ತು. ಬಾಗಿಲಲ್ಲಿ ಒಬ್ಬಳು ಹುಡುಗಿ, ಆಗ ಸುಧಾ ಇದ್ದಷ್ಟೇ ವಯಸ್ಸಿನವಳು, ಉಡಿಯ ಸಾಮಾನಿನ ಪ್ಲಾಸ್ಟಿಕ್ ಪ್ಯಾಕೆಟ್ಟುಗಳನ್ನು ಹೆಂಗಸರಿಗೆ ಕೊಡುತ್ತಿದ್ದಳು. ನನ್ನ ಕಡೆಗೂ ಕೈ ಚಾಚಿದಳು. ಆಮೇಲೆ ನನ್ನ ಹಣೆ ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡು, ನಗುತ್ತ, ಕಲ್ಲುಸಕ್ಕರೆಯ ಬಟ್ಟಲನ್ನು ಮುಂದೆ ಹಿಡಿದಳು. ಆಕೆಯ ಕೆಲಸದಲ್ಲಿ ತಪ್ಪೇನೂ ಇರಲಿಲ್ಲ. ಕೊಡುವುದನ್ನು ಆಕೆಗೆ ಚೆನ್ನಾಗಿ ಕಲಿಸಿದ್ದರು. ಯಾರಿಗೆ ಕೊಡಬಾರದು ಎಂಬುದನ್ನೂ ಅಷ್ಟೇ ಚೆನ್ನಾಗಿ ಕಲಿಸಿದ್ದರು. ಸುತ್ತ ನಿಂತವರಲ್ಲಿ ಓದಿದವರಿದ್ದರು, ನೌಕರಿಯಲ್ಲಿದ್ದವರಿದ್ದರು. ಒಬ್ಬರ ಮಾತೂ ನಿಲ್ಲಲಿಲ್ಲ. ನಮ್ಮ ಪಡಸಾಲೆಯಲ್ಲಿ ಆ ದಿನ ಎಲ್ಲರ ಮಾತು ನಿಂತಿತ್ತು. ಕಳೆದುಹೋದದ್ದು ಅದು ಎಂದು ನನಗೆ ಅನ್ನಿಸುತ್ತದೆ. ಆಗ ಅದು ನೋಡಿದವರಿಗೆಲ್ಲ ತಾಗುತ್ತಿತ್ತು.

ಮರುದಿನ ನವನಗರದಲ್ಲಿರುವ ಸುಧಾಗೆ ಫೋನ್ ಮಾಡಿ ಹೇಳಿದೆ. ಆಕೆಗೀಗ ಕನ್ನಡಕ, ಮಂಡಿನೋವು. ಎಲ್ಲ ಕೇಳಿಸಿಕೊಂಡಳು.

"ಆ ಹುಡುಗಿ ಹೆಸರೇನಂತ ಅಕ್ಕಾ?"

"ಕೇಳಲಿಲ್ಲ. ಅವರ ಅವ್ವನ ಗುರ್ತು ಐತಿ."

"ಹಂಗಾದ್ರ ಶುಕ್ರವಾರ ಇಬ್ಬರನೂ ನಮ್ಮನಿಗೆ ಕರಿ."

ಕರೆದೆ. "ನೋಡೋಣ್ರಿ, ಅಕೀದು ಟ್ಯೂಷನ್ ಇರ್ತೈತಿ," ಎಂದರು ತಾಯಿ. ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಬರಲಿಲ್ಲ. ಇನ್ನು ಬಿಡೋಣ ಎಂದೆ ಸುಧಾಗೆ.

"ಯಾಕ ಬಿಡೋಣು? ಅವರು ಬರದಿದ್ರ ನಾವ ಹೋಗೋಣು. ಅವರ ಬಾಗಲದಾಗ ಸೆರಗ ಒಡ್ಡಿ ನಿಲ್ಲೋಣು. ನೀ ನನ್ನ ಬಾಜೂ ನಿಂದರು, ಅಷ್ಟ ಸಾಕು."

ನಾನು ನಕ್ಕೆ. ಆಕೆ ನಗಲಿಲ್ಲ. ಅವರ ಮನೆಗೆ ಯಾವ ಬಸ್ಸು ಹೋಗುತ್ತದೆ ಎಂದು ಕೇಳಿದಳು.